ತುಂಬು

ಬ್ಯಾಡಗಿಯೊಳಗ ತುಂಬು ಅಂದ್ರ
ಮೆಣಸಿನಕಾಯಿ ತೊಟ್ಟು.
ಉಗುರಿಗೆ ಸಿಕ್ಕು ಚಟ್ಟನ ಮುರಿದು ಹಿಂದಕ್ಕ ಬೀಳೂದು.
ಕೆಂಪಂದು ಚೀಲಕ್ಕ, ಚೀಲ ಲಾರಿಗೆ,
ತುಂಬು ಗ್ವಾಡಿ ಮಗ್ಗಲ ಗುಂಪಿಗೆ.

ಧಾರವಾಡದಿಂದ ಹೋಗಿದ್ದೆ ನಾ,
ಎರಡು ಖಾಲಿ ಚೀಲ ತೊಗೊಂಡು, ಮೂಗಿಗೆ ಓಢಣಿ ಕಟಗೊಂಡು.
ದಾವಲಬಿ ಕುಂತಲ್ಲಿಂದನ ಕೇಳಿದಳು:
"ಏನ್ ಮಾಡ್ತೀಯವ್ವಾ ಇದನ್ನ?"
ಬ್ಯಾಟರಿ, ಅಂದೆ.
ಸಾಲಿನಾಗ ಹನ್ನೊಂದು ಮಂದಿ ನಕ್ಕರು.
ನಗಿ ಕೆಮ್ಮಾತು, ಕೆಮ್ಮು ಸೀನಾತು.
"ಖಾರ ಇರತೈತೇನು ಅದರ ಕರೆಂಟು?"
ಚೀಲ ಅವಳ ತುಂಬಿ ಕೊಟ್ಟಳು,
ಕಾಲಿಲೆ ಒತ್ತಿ ಒತ್ತಿ.

ತೊಳದೆ. ಮೂರನೇ ನೀರೂ ಕೆಂಪು.
ಒಣಗಿಸಿ ಮಿಕ್ಸರಿಗೆ ಹಾಕಿದ್ದ ತಪ್ಪಾತು:
ಮಗ್ಗಲ ಲ್ಯಾಬಿನ ಪೆರೋವ್‌ಸ್ಕೈಟ್ ಮಂದಿ,
ಗಾಜಿನ ಮ್ಯಾಲೆ ಬಿಸಿಲು ಹಿಡಿಯೋ ಪದರ ಬಳಿಯೋವ್ರು,
ಕಣ್ಣೊರಿಸಿಕೋತ ಹೊರಗ ಓಡಿ
ಎರಡು ದಿನ ನನ್ನ ಕೂಡ ಮಾತ ಬಿಟ್ಟರು.

ನೀಲಪ್ಪ ಹರ್ತಿ ಕುಲುಮಿ ಚಾಲೂ ಮಾಡಿದ.
ಆರ್ಗಾನ್ ಒಳಗ ಸಾವಿರದ ಇನ್ನೂರು ಡಿಗ್ರಿ.
"ಉರಿ ಇಲ್ದ ಸುಡೂದು ಅಂದ್ರ
ಮನ್ಯಾಗ ಮಾತಾಡದ ಸಿಟ್ಟು ಇದ್ದಂಗ್ರಿ" ಅಂದ.
ಮುಂಜಾನೆ ಪಿಂಗಾಣಿ ದೋಣ್ಯಾಗ ಉಳಿದದ್ದು
ಕಾಡಿಗಿ ಕಪ್ಪು, ಒಂದು ಚಿಟಿಕಿ.

ಆದ್ರ ಅದರೊಳಗ ಓಣಿ ಅದಾವು, ಸಂದಿ ಅದಾವು,
ಅಡ್ಡಾದಿಡ್ಡಿ ಇಂಗಾಲದ ಹಾಳಿ.
ಸೋಡಿಯಂ ಉಪ್ಪಿನ ಮನೆತನದ್ದು,
ಲಿಥಿಯಂಕಿಂತ ಮೈ ದಪ್ಪ,
ನೆಟ್ಟಗ ಜೋಡಿಸಿದ ಮನ್ಯಾಗ ಹಿಡಿಸೂದಿಲ್ಲ ಅದು;
ಇಲ್ಲೆ ಮೈ ಒರಗಿಸಿ ಕುಂಡ್ರತೈತಿ.
ಉಪ್ಪು ಬಂತು, ಮೆಣಸಿನಕಾಯಿ ಬಂತು.
ರೊಟ್ಟಿ ಒಂದು ಕಡಿಮಿ.

ಎಂಟಾಣೆ ಗಾತ್ರದ ಕೋಶ.
ತುಂಬು, ಬರಿದಾಗು. ತುಂಬು, ಬರಿದಾಗು.
ಮೊದಲ ಸಲ ಕೊಟ್ಟದ್ದರಾಗ ಮೂರನೇ ಒಂದು ಪಾಲು ತಿರುಗಿ ಬರಲಿಲ್ಲ,
ಕಚೇರ್ಯಾಗ ಫೈಲು ಹೊಕ್ಕಂಗ.
ಆಮ್ಯಾಲೆ ದಾರಿಗೆ ಬಂತು.
ನಾನೂರಾ ಹನ್ನೆರಡನೇ ಸುತ್ತಿನಾಗ ಲೈನ್ ಹೋತು.
ಬ್ಯಾಟರಿ ಪರೀಕ್ಷಾ ಮಾಡೋ ಯಂತ್ರದ
ಬ್ಯಾಟರಿ ಸತ್ತಿತ್ತು.
ಕತ್ತಲಾಗ ನಾನೂ ನೀಲಪ್ಪಾನೂ
ಸುಮ್ಮನ ಕುಂತ್ವಿ. ಯಾರಿಗೆ ಅನ್ನೂದು?

ಧೋರಣಾ ವರದಿಗೆ ಒಂದು ಕೋಷ್ಟಕ ಬೇಕಾಗಿತ್ತು.
ಕಚ್ಚಾ ಮಾಲು: ತೊಟ್ಟು. ಕಿಲೋಕ್ಕ ದರ:
"ಕಸಕ್ಕೇನು ದರ?" ಅಂದ್ರು ಹೊಸೂರಮಠ ಸರ್.
ಸೊನ್ನಿ ಬರದೆ.
ದುಂಡಗ, ಚಂದ ಕಾಣತಿತ್ತು.

ಎರಡನೇ ಸಲ ಹ್ವಾದಾಗ ಗುಂಪಿ ಇರಲಿಲ್ಲ.
ತಗಡಿನ ಶೆಡ್ಡು, ಹೊಸ ಬೀಗ.
"ಬ್ಯಾಟರಿಯವ್ರು ಬರ್ತಾರಂತ,
ದಲಾಲಿ ಅಂಗಡಿಯಾವ ಮುಟ್ಟಗೊಡವಲ್ಲ" ಅಂದಳು ದಾವಲಬಿ,
ಕೈ ನಿಲ್ಲಿಸದನ.
ಯಾಕ, ನಿಮಗ ಅದು ಬೇಕಾಗಿತ್ತೇನು?
ನನ್ನ ಮಾರಿ ನೋಡಿದಳು,
ಕಸ ಅಂದ್ರೇನಂತ ಗೊತ್ತಿಲ್ಲದವರನ್ನ ನೋಡಿದಂಗ.
"ನೀ ಒಯ್ದ ಎರಡು ಚೀಲ
ನಮ್ಮ ಬಚ್ಚಲ ಒಲಿಗೆ ಹದಿನೈದು ದಿನದ್ದವ್ವಾ.
ಹೊಗಿ ಕೆಟ್ಟದ್ದು, ಖರೆ. ನೀರು ಕಾಯತಿದ್ದು."
ಮತ್ತ ಬೈಲಿಲ್ಲ.
ಒಂದು ಹಸಿ ಕಾಯಿ ಕೈಗಿಟ್ಟು ಕಳಿಸಿದಳು, ದಾರಿಗೆ.

ಈಗ ರಾತ್ರಿ ಹನ್ನೊಂದು.
ಮಗ್ಗಲ ಖೋಲ್ಯಾಗ ಹೊಸಾ ಕೋಶ ಸುತ್ತು ಎಣಸಾಕ ಹತ್ತೈತಿ.
ಸೊನ್ನಿ ಅಳಿಸೇನಿ.
ಎರಡು ಚೀಲ, ಹದಿನೈದು ಜಳಕ,
ಕಳೆ ಅಂದ್ರ ಕೆಮ್ಮು ಕಳೀಬೇಕು,
ಕೂಡಿಸಿದ್ರ ಬೀಗ ಕೂಡಿಸಬೇಕು,
ಕಿಲೋಕ್ಕ ಎಷ್ಟು ರೂಪಾಯಿ?
ಖಾಲಿ ಬಿಟ್ಟು ಮುಂದಿನ ಪುಟಕ್ಕ ಹೋಗಾಕ ಬಿಡವಲ್ದು ಕಂಪ್ಯೂಟರ್.
ಮಿಣುಕತೈತಿ ಆ ಒಂದು ಮನಿ,
ಬ್ಯಾಡಗಿ ಕಾಯಿಗಿಂತ ಕೆಂಪಗ:
ತುಂಬು.